ತಡಿಕೆಮರವೂ ಬೇರಿಕಾಯಿಯೂ: ಉತ್ತರ ಬೆಂಗಳೂರಿನ ಸಣ್ಣ ಅಂಗಳಗಳನ್ನು ಕುರಿತು

ಹಣ್ಣಿನ ಗಿಡವನ್ನು ಗೋಡೆಯ ಬಳಿ ನೆಟ್ಟು, ಅದರ ರೆಂಬೆಗಳನ್ನು ಎಡಕ್ಕೂ ಬಲಕ್ಕೂ ಮಟ್ಟಸವಾಗಿ ಚಾಚಿ ಕಟ್ಟಿ, ಮುಂದಕ್ಕೂ ಹಿಂದಕ್ಕೂ ಬರುವ ಚಿಗುರನ್ನು ಸವರಿ, ಇಡೀ ಮರವನ್ನು ಒಂದು ಚಪ್ಪಟೆಯಾದ ತಡಿಕೆಯಂತೆ ಬೆಳೆಸುವ ಪದ್ಧತಿಯೊಂದು ಯೂರೋಪಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಫ್ರೆಂಚರು ಇದಕ್ಕೆ ‘ಎಸ್ಪಾಲಿಯೆ’ ಎನ್ನುತ್ತಾರೆ. ಭುಜವನ್ನು ಒರಗಿಸುವ ಆಧಾರವೆಂಬ ಅರ್ಥದ ಇಟಾಲಿಯನ್ ಶಬ್ದದಿಂದ ಹುಟ್ಟಿದ ಪದವಿದು. ನಮ್ಮಲ್ಲಿ ಇದಕ್ಕೆ ನೆಲೆನಿಂತ ಹೆಸರಿಲ್ಲವಾದುದರಿಂದ ಪ್ರಕೃತ ಲೇಖನದಲ್ಲಿ ‘ತಡಿಕೆಮರ’ ಎಂದು ಕರೆಯುತ್ತೇವೆ. ಬಳ್ಳಿಗೆ ಚಪ್ಪರವಿರುವಂತೆ ಮರಕ್ಕೆ ತಡಿಕೆ ಎಂಬ ಭಾವನೆಯಿಂದ ಈ ಹೆಸರನ್ನು ಒಪ್ಪಿಕೊಳ್ಳಬಹುದು.

ಯಲಹಂಕ, ಹೆಬ್ಬಾಳ, ರವೀಂದ್ರನಾಥ ಟಾಗೋರ್ ನಗರ, ಯಶವಂತಪುರ ಈ ಭಾಗಗಳಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಮನೆಗೂ ಸುತ್ತುಗೋಡೆಗೂ ನಡುವೆ ಉಳಿಯುವುದು ಮೂರು ನಾಲ್ಕು ಅಡಿಯ ಓಣಿಯಷ್ಟೆ. ಹರಡಿ ಬೆಳೆಯುವ ಮರಕ್ಕೆ ಅಲ್ಲಿ ಎಡೆಯಿಲ್ಲ. ಒಂದು ಅಡಿಯ ದಪ್ಪದಲ್ಲಿಯೇ ಹತ್ತು ಹನ್ನೆರಡು ಅಡಿಯ ಉದ್ದಕ್ಕೆ ಹಣ್ಣು ಕೊಡುವ ಮರವೆಂದರೆ ಇಂಥವರಿಗೆ ಆಸೆ ಹುಟ್ಟುವುದು ಸಹಜ. ಪರದೇಶದ ಪುಸ್ತಕಗಳಲ್ಲಿ ಇಂಥ ಮರದ ಚಿತ್ರವನ್ನು ಬರೆಯುವಾಗಲೆಲ್ಲ ಬೇರಿಕಾಯಿಯ ಮರವನ್ನೇ ಬರೆದಿರುತ್ತಾರೆ. ಆದುದರಿಂದ ನಮ್ಮನ್ನು ಕೇಳುವವರೂ ಬೇರಿಕಾಯಿಯನ್ನೇ ಕುರಿತು ಕೇಳುತ್ತಾರೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಪದ್ಧತಿಯು ಈ ಊರಿಗೆ ಒಗ್ಗತಕ್ಕದ್ದು, ಆದರೆ ಆ ಮರ ಒಗ್ಗುವುದಿಲ್ಲ, ಅದು ಒರಗುವ ಗೋಡೆಯಂತೂ ಬಹಳ ಮಟ್ಟಿಗೆ ಶತ್ರುವೇ ಸರಿ. ಇದಕ್ಕೆ ಕಾರಣವೇನೆಂಬುದನ್ನು ವಿಚಾರ ಮಾಡುವುದೇ ಇಲ್ಲಿ ನಮ್ಮ ಉದ್ದೇಶ.

ರೆಂಬೆಯನ್ನು ಬಾಗಿಸುವುದರಿಂದ ಆಗುವುದೇನು ಎಂಬುದನ್ನು ಮೊದಲು ತಿಳಿಯಬೇಕು. ನೆಟ್ಟಗೆ ಮೇಲಕ್ಕೇಳುವ ರೆಂಬೆಯಲ್ಲಿ ತುದಿಯ ಮೊಗ್ಗೇ ಯಜಮಾನ. ಅಲ್ಲಿ ಉತ್ಪನ್ನವಾಗುವ ಆಕ್ಸಿನ್ ಎಂಬ ರಸದೂತವು ಕೆಳಕ್ಕೆ ಇಳಿಯುತ್ತ ಪಕ್ಕದ ಮೊಗ್ಗುಗಳನ್ನು ಅಡಗಿಸಿಡುತ್ತದೆ. ರೆಂಬೆ ಉದ್ದವಾಗುತ್ತದೆ, ಸೊಪ್ಪು ಬರುತ್ತದೆ, ಹೂವು ಬರುವುದಿಲ್ಲ. ಅದೇ ರೆಂಬೆಯನ್ನು ನೆಲಕ್ಕೆ ಸಮಾನಾಂತರವಾಗಿ ಬಾಗಿಸಿ ಕಟ್ಟಿದರೆ ತುದಿಯ ಹತೋಟಿ ಸಡಿಲಗೊಂಡು, ಬೆಳವಣಿಗೆಯ ವೇಗ ತಗ್ಗಿ, ರೆಂಬೆಯ ಉದ್ದಕ್ಕೂ ಇರುವ ಪಕ್ಕದ ಮೊಗ್ಗುಗಳು ಒಡೆಯಲು ಅವಕಾಶವಾಗುತ್ತದೆ. ಎಲೆಗಳು ತಯಾರಿಸಿದ ಸಕ್ಕರೆ ಉದ್ದದ ಬೆಳವಣಿಗೆಯಲ್ಲಿ ವ್ಯಯವಾಗದೆ ರೆಂಬೆಯಲ್ಲಿಯೇ ಶೇಖರವಾಗಿ, ಹೂಮೊಗ್ಗಿನ ರಚನೆಗೆ ಒದಗುತ್ತದೆ. ಬೇರಿಕಾಯಿಯಲ್ಲಿಯೂ ಸೇಬಿನಲ್ಲಿಯೂ ಹಣ್ಣು ಹಿಡಿಯುವುದು ವರ್ಷವರ್ಷಕ್ಕೂ ದಪ್ಪಗಾಗುವ ಕುಳ್ಳಾದ ಗೆಣ್ಣುಗಳ ಮೇಲೆ. ತಡಿಕೆಮರವೆಂದರೆ ಇಂಥ ಗೆಣ್ಣುಗಳನ್ನು ಸಾಲಾಗಿ ಜೋಡಿಸಿಟ್ಟ ಕೈಗಳು ಎಂದು ಹೇಳಬಹುದು.

ಈ ವಿದ್ಯೆಯನ್ನು ಪರಾಕಾಷ್ಠೆಗೆ ಮುಟ್ಟಿಸಿದವನು ಹದಿನಾಲ್ಕನೆಯ ಲೂಯಿ ದೊರೆಯ ತೋಟಗಾರನಾದ ಲಾ ಕ್ಯಾಂತಿನಿ. ವಕೀಲಿ ವೃತ್ತಿಯನ್ನು ಬಿಟ್ಟು ಗಿಡಗಳ ಕಡೆಗೆ ಬಂದ ಈತ ವರ್ಸೈಲ್ಸ್‌ನಲ್ಲಿ 1678ರಿಂದ 1683ರವರೆಗೆ ನಿರ್ಮಾಣವಾದ ಅರಮನೆಯ ಕಾಯಿಪಲ್ಲೆ ತೋಟವನ್ನು ಎತ್ತರವಾದ ಗೋಡೆಗಳಿಂದ ಅನೇಕ ಅಂಕಣಗಳಾಗಿ ವಿಂಗಡಿಸಿ, ಗೋಡೆಗೊಂದರಂತೆ ಬೇರೆ ಬೇರೆ ಬಿಸಿಲನ್ನು ಹಿಡಿದು, ಬೇರಿಕಾಯಿಯ ಗಿಡಗಳನ್ನು ಒರಗಿಸಿ ಬೆಳೆಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉತ್ತರ ಅಕ್ಷಾಂಶ 49 ಡಿಗ್ರಿಯ ಆ ಪ್ರದೇಶದಲ್ಲಿ ಚಳಿಗಾಲದ ನಡುಮಧ್ಯಾಹ್ನವೂ ಸೂರ್ಯನು ದಿಗಂತದಿಂದ ಹದಿನೆಂಟು ಡಿಗ್ರಿ ಮೇಲಕ್ಕೇರುವುದಿಲ್ಲ. ವಸಂತದಲ್ಲಿ ಹೂವು ಬಿಟ್ಟ ಮೇಲೆ ಮಂಜು ಕವಿದು ಹೂವು ಸುಟ್ಟುಹೋಗುವ ಭಯವುಂಟು. ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಲ್ಲುಗೋಡೆಯು ಹಗಲೆಲ್ಲ ಬಿಸಿಲನ್ನು ಹೀರಿ ಇರುಳು ಮರಕ್ಕೆ ಕಾವು ಕೊಡುತ್ತದೆ. ಅಂದರೆ ಗೋಡೆಯು ಅಲ್ಲಿ ಕಂಬಳಿ. ಚಳಿಯು ಧಾರಾಳವಾಗಿದ್ದು ಕಾವು ದುರ್ಲಭವಾದ ದೇಶದ ಉಪಾಯವಿದು.

ನಮ್ಮ ಸ್ಥಿತಿ ಇದಕ್ಕೆ ನೇರವಾಗಿ ವಿರುದ್ಧವಾದುದು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಸೂರ್ಯನು ನಡುನೆತ್ತಿಗೆ ಬರುತ್ತಾನೆ; ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಗೇ ಹೊರತು ದಕ್ಷಿಣದ ಗೋಡೆಗಲ್ಲ. ಪರದೇಶದ ಪುಸ್ತಕವನ್ನು ನೋಡಿ ‘ದಕ್ಷಿಣಾಭಿಮುಖವಾದ ಗೋಡೆ’ಯನ್ನು ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು. ಪಶ್ಚಿಮದ ಗೋಡೆಯ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಮಾರ್ಚಿಯಿಂದ ಮೇ ವರೆಗಿನ ಇಳಿಹೊತ್ತಿನ ಬಿಸಿಲನ್ನು ಕಾಂಕ್ರೀಟು ಇಟ್ಟಿಗೆಯ ಗೋಡೆಯು ಹೀರಿಕೊಂಡು ಅರ್ಧರಾತ್ರಿಯವರೆಗೂ ಹೊರಕ್ಕೆ ಬಿಡುತ್ತಿರುತ್ತದೆ. ಹಗಲು ಬೆಂದ ಎಲೆಗೆ ಇರುಳೂ ವಿಶ್ರಾಂತಿ ಸಿಕ್ಕುವುದಿಲ್ಲ.

ಗೋಡೆಯ ದೋಷವನ್ನಾದರೂ ಜಾಗ ಬದಲಾಯಿಸಿ ನಿವಾರಿಸಬಹುದು, ಹವೆಯನ್ನು ಬದಲಾಯಿಸುವಂತಿಲ್ಲ. ಬೇರಿಕಾಯಿಯು ಎಲೆಯುದುರಿಸಿ ನಿದ್ರಿಸುವ ಜಾತಿಯ ಮರ. ಈ ನಿದ್ರೆಯಿಂದ ಅದು ಸರಿಯಾಗಿ ಏಳಬೇಕಾದರೆ ಚಳಿಗಾಲದಲ್ಲಿ ಇಷ್ಟು ತಾಸುಗಳ ಕಾಲ ತಂಪನ್ನು ಅನುಭವಿಸಿರಬೇಕೆಂಬ ನಿಯಮವುಂಟು. ಇದನ್ನು ಲೆಕ್ಕಮಾಡುವ ಹಳೆಯ ಕ್ರಮದಂತೆ 7.2 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ತಾಸುಗಳನ್ನು ಕೂಡುತ್ತಾರೆ. ಯೂರೋಪಿನ ಹೆಸರಾಂತ ತಳಿಗಳಿಗೆ ಇಂಥ ತಾಸುಗಳು ಅನೇಕ ನೂರು ಬೇಕಾಗುತ್ತವೆ. ಬಾರ್ಟ್ಲೆಟ್ ತಳಿಗೆ ಸುಮಾರು ಎಂಟುನೂರು. ಬೆಂಗಳೂರು ನಗರದ ಹವಾಮಾನ ದಾಖಲೆಯಲ್ಲಿ ಅತ್ಯಂತ ಕಡಮೆ ಉಷ್ಣತೆ ಕಂಡುಬಂದುದು 1884ರ ಜನವರಿ 13ರಂದು, ಅದು 7.8 ಡಿಗ್ರಿ. ಎಂದರೆ ದಾಖಲೆಯ ಅತಿ ಚಳಿಯ ಆ ರಾತ್ರಿಯೂ ಲೆಕ್ಕದ ಮಿತಿಯನ್ನು ಮುಟ್ಟಲಿಲ್ಲ. ಹನ್ನೆರಡು ಡಿಗ್ರಿಯವರೆಗಿನ ತಂಪಿಗೂ ಸ್ವಲ್ಪ ಬೆಲೆ ಕೊಡುವ ಬೇರೆ ಲೆಕ್ಕಗಳು ಉಂಟೆಂಬುದು ನಿಜ. ಆದರೆ ಆ ಲೆಕ್ಕಗಳಲ್ಲಿ ಹಗಲಿನ ಬಿಸಿಯು ಇರುಳಿನ ಗಳಿಕೆಯನ್ನು ಅಳಿಸಿಹಾಕುತ್ತದೆ, ನಮ್ಮ ಜನವರಿಯ ಮಧ್ಯಾಹ್ನವಾದರೋ ಇಪ್ಪತ್ತೇಳು ಡಿಗ್ರಿ. ಉದಕಮಂಡಲ ಮತ್ತು ಕೊಡೈಕಾನಲ್ ಬೆಟ್ಟಗಳಲ್ಲಿ ಬೆಳೆದ ಗಟ್ಟಿ ತಿರುಳಿನ ನಾಡ ಬೇರಿಕಾಯಿ ಮಳೆಗಾಲದಲ್ಲಿ ನಮ್ಮ ಪೇಟೆಗೆ ಬರುತ್ತದಷ್ಟೆ. ಆ ಬೆಟ್ಟಗಳು ಎರಡು ಸಾವಿರ ಮೀಟರಿಗೂ ಮೇಲಿವೆ. ನಾವಿರುವುದು ಸುಮಾರು 920 ಮೀಟರಿನಲ್ಲಿ.

ತಂಪು ಸಾಲದ ಮರ ಸಾಯುವುದಿಲ್ಲ; ಸತ್ತಿದ್ದರೆ ಯಜಮಾನನಿಗೆ ವಿಷಯ ಬೇಗ ತಿಳಿಯುತ್ತಿತ್ತು. ಅದು ಅರೆನಿದ್ರೆಯಲ್ಲಿ ಕಾಲ ಕಳೆಯುತ್ತದೆ. ಕೈಗಳ ತುದಿಯಲ್ಲಿ ನಾಲ್ಕು ಎಲೆ ಬಿಟ್ಟು, ನಡುವಿನ ಮೊಗ್ಗುಗಳೆಲ್ಲ ಕುರುಡಾಗಿ, ತಡಿಕೆಯು ಒಣಗಿದ ಕೋಲುಗಳ ಚೌಕಟ್ಟಿನಂತೆ ಕಾಣುತ್ತದೆ. ನಾವೂ ಒಮ್ಮೆ ‘ಬೆಂಗಳೂರಿನಲ್ಲಿಯೂ ಫಲಿಸುವುದು’ ಎಂಬ ಮಾತನ್ನು ನಂಬಿ, ಒಂದು ಸಸ್ಯಕ್ಷೇತ್ರದಿಂದ ತಂದ ಕಸಿಗಿಡವನ್ನು ಪಶ್ಚಿಮದ ಸುತ್ತುಗೋಡೆಗೆ ಒರಗಿಸಿ ಕಟ್ಟಿದ್ದೆವು. ಬೇಸಗೆಯಲ್ಲಿ ಬಿಸಿಲಿನ ಮಗ್ಗುಲ ತೊಗಟೆ ಬಿರಿಯಿತು, ಹೂವು ಬಂದುದು ಒಂದೆರಡು ಗೊಂಚಲು, ಅದೂ ಹೊತ್ತಲ್ಲದ ಹೊತ್ತಿನಲ್ಲಿ, ಕಾಯಿ ನಿಲ್ಲಲಿಲ್ಲ. ಇದರಲ್ಲಿ ಗಿಡವನ್ನು ಮಾರಿದವರಿಗಿಂತ ಗೋಡೆಯನ್ನು ಆರಿಸಿದ ನಮ್ಮ ತಪ್ಪೇ ಹೆಚ್ಚೆಂದು ಒಪ್ಪಿಕೊಳ್ಳಬೇಕು.

ಹಾಗಾದರೆ ನಿದ್ರಿಸುವ ಮರಗಳು ಉಷ್ಣದೇಶದಲ್ಲಿ ಫಲಿಸುವುದೇ ಇಲ್ಲವೆ? ಇಲ್ಲಿ ಬೆಂಗಳೂರಿನ ಹಳೆಯ ಅನುಭವವೊಂದು ನೆನಪಿಗೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಊರಿನಲ್ಲಿ ಸೇಬಿನ ತೋಟಗಳಿದ್ದವು. ರೋಮ್ ಬ್ಯೂಟಿ ಎಂಬ ತಳಿ ಇಲ್ಲಿ ಚೆನ್ನಾಗಿ ಒಗ್ಗಿತ್ತು. ಚಳಿಯು ಕೊಡದ ವಿಶ್ರಾಂತಿಯನ್ನು ಅಂದಿನ ತೋಟಗಾರರು ಕೈಯಿಂದಲೇ ಕೊಡುತ್ತಿದ್ದರು: ನೀರನ್ನು ನಿಲ್ಲಿಸಿ, ಬುಡದ ಮಣ್ಣನ್ನು ಬಿಡಿಸಿ ಬೇರಿಗೆ ಗಾಳಿ ತಾಗಿಸಿ, ಕೆಲವು ಕಾಲ ಬಿಟ್ಟು, ಗೊಬ್ಬರ ತುಂಬಿ ನೀರು ಹಾಯಿಸುವುದು. ಕಿತ್ತಳೆ, ದಾಳಿಂಬೆ, ಸೀಬೆಗಳಿಗೆ ಮಾಡುವ ಈ ಉಪಚಾರ ನಮ್ಮ ರೈತನಿಗೆ ಹೊಸದೇನಲ್ಲ. ಜಾವಾ ದ್ವೀಪದ ಪೂರ್ವಭಾಗದಲ್ಲಿ ಬಾತು ಎಂಬ ಬೆಟ್ಟದ ಊರಿನ ಸೇಬು ಬೆಳೆಗಾರರು ಅದೇ ರೋಮ್ ಬ್ಯೂಟಿಯನ್ನು ಇಟ್ಟುಕೊಂಡು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದರು. ಹಣ್ಣು ಕೊಯ್ದ ಕೆಲವು ವಾರಗಳಲ್ಲಿ, ಮರವು ಗಾಢನಿದ್ರೆಗೆ ಇಳಿಯುವ ಮೊದಲೇ, ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕಿ, ರೆಂಬೆಗಳನ್ನು ಅಡ್ಡಲಾಗಿ ಬಾಗಿಸಿ ಕಟ್ಟಿ, ವರ್ಷಕ್ಕೆ ಎರಡು ಬೆಳೆ ತೆಗೆಯುವ ಕ್ರಮವನ್ನು ರೂಢಿಸಿದರು. ನಿದ್ರೆಯಿಂದ ಎಬ್ಬಿಸುವುದು ಕಷ್ಟವಾದರೆ ನಿದ್ರೆಗೇ ಬಿಡಬಾರದು ಎಂಬುದು ಅವರ ತರ್ಕ. ಬಾಗಿಸಿದ ರೆಂಬೆಯಲ್ಲಿ ಪಕ್ಕದ ಮೊಗ್ಗುಗಳು ಒಡೆಯುವುವೆಂಬ ಲಾ ಕ್ಯಾಂತಿನಿಯ ತೋಟದ ತತ್ತ್ವವು ಇಲ್ಲಿ ಜಾಗವನ್ನು ಉಳಿಸುವುದಕ್ಕಾಗಿ ಅಲ್ಲ, ಚಳಿಯ ಕೊರತೆಯನ್ನು ತುಂಬುವುದಕ್ಕಾಗಿ ಬಳಕೆಯಾಯಿತು. ಪದ್ಧತಿಯು ನಮಗೆ ಒಗ್ಗತಕ್ಕದ್ದೆಂದು ಆರಂಭದಲ್ಲಿ ಹೇಳಿದುದು ಈ ಕಾರಣದಿಂದ.

ಉತ್ತರ ಬೆಂಗಳೂರಿನಲ್ಲಿ ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿಯುಂಟು. ಯಲಹಂಕದಿಂದ ಆಚೆಗೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆಗೆ ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಹಬ್ಬಿಸಿದ ದ್ರಾಕ್ಷಿಯ ಚಪ್ಪರಗಳನ್ನು ಕಂಡವರು ಅನೇಕರು. ಬೆಂಗಳೂರು ನೀಲಿ ಎಂಬ ಆ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ದ್ರಾಕ್ಷಿಯೂ ಚಳಿದೇಶದಲ್ಲಿ ಎಲೆಯುದುರಿಸಿ ನಿದ್ರಿಸತಕ್ಕ ಬಳ್ಳಿಯೇ. ಇಲ್ಲಿ ಅದು ನಿದ್ರಿಸುವುದಿಲ್ಲ. ಚಳಿಗಾಲದ ಕೆಲಸವನ್ನು ಕತ್ತರಿ ಮಾಡುತ್ತದೆ. ವರ್ಷಕ್ಕೆ ಎರಡು ಸಲ ಸವರಿದರೆ ಈ ತಳಿ ಎರಡು ಸಲವೂ ಫಲ ಕೊಡುತ್ತದೆ. ಕಂಬ, ತಂತಿ, ಕಟ್ಟು, ಕತ್ತರಿ ಇವಿಷ್ಟರ ಜ್ಞಾನ ಈ ಹಳ್ಳಿಗಳಲ್ಲಿ ಮನೆಮಾತಾಗಿತ್ತು. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದೇ ಬೆಂಗಳೂರು ನೀಲಿಯನ್ನು ಕಪ್ಪು ಚಂಪಾ ತಳಿಯೊಡನೆ ಸಂಕರಗೊಳಿಸಿ ಅರ್ಕಾ ಶ್ಯಾಮ್ ಎಂಬ ತಳಿಯನ್ನು ಹೊರತಂದಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ದಾರಿಯುದ್ದಕ್ಕೂ ಹೊಲಗಳು ನಿವೇಶನಗಳಾಗುತ್ತ ಬಂದುವು. ಚಪ್ಪರವಿದ್ದ ಜಾಗದಲ್ಲಿ ಮನೆ ಕಟ್ಟಿಕೊಂಡವನು ಅದೇ ತಂತಿಯ ವಿದ್ಯೆಯನ್ನು ಪರದೇಶದ ಚಿತ್ರಪುಸ್ತಕದಿಂದ ಕಲಿಯಹೊರಡುವುದು ವಿಚಿತ್ರವಾಗಿ ತೋರುತ್ತದೆ. ದ್ರಾಕ್ಷಿಯ ಸವರುವಿಕೆಯನ್ನು ಬಲ್ಲ ಹಿರಿಯರು ಆ ಹಳ್ಳಿಗಳಲ್ಲಿ ಇರುವಾಗಲೇ ಅವರನ್ನು ಕೇಳಿ ತಿಳಿದುಕೊಳ್ಳಬೇಕಾದುದು ಅವಶ್ಯಕ.

ಇನ್ನು ಬೇರಿಕಾಯಿಯ ಬದಲಿಗೆ ತಡಿಕೆಗೆ ಯಾವ ಮರ ತಕ್ಕುದೆಂಬ ಪ್ರಶ್ನೆ. ಕೊಂಬೆಯ ತುದಿಯಲ್ಲಿ ಹೂಬಿಡುವ ಮಾವು ತಡಿಕೆಗೆ ಸಲ್ಲದು. ಸವರಿದಾಗಲೆಲ್ಲ ಮುಂದಿನ ವರ್ಷದ ಹೂವನ್ನೇ ಸವರಿದಂತಾಗುತ್ತದೆ. ಹೊಸ ಚಿಗುರಿನ ಪಕ್ಕದಲ್ಲಿ ಹೂಬಿಡುವ ಮರ ಬೇಕು. ಅಂಜೂರವು ಈ ಗುಣವುಳ್ಳದ್ದು. ಜಪಾನಿನಲ್ಲಿ ಅದರ ಎರಡು ಕೈಗಳನ್ನು ಮೊಣಕಾಲೆತ್ತರದಲ್ಲಿ ನೇರ ಗೆರೆಯಂತೆ ಚಾಚಿ ಬೆಳೆಸುತ್ತಾರೆ. ಶ್ರೀರಂಗಪಟ್ಟಣದ ಗಂಜಾಮಿನ ಅಂಜೂರ ಹೆಸರಾದ ನಾಡಿನಲ್ಲಿ ಇದು ಪರಕೀಯವೂ ಅಲ್ಲ. ಆದರೆ ಬೆಂಗಳೂರಿನ ಮಳೆಗಾಲದಲ್ಲಿ ಎಲೆಯ ತಳಕ್ಕೆ ತುಕ್ಕುರೋಗ ಹತ್ತಿ ಗಿಡ ಬೋಳಾಗುವುದುಂಟು. ನಮ್ಮ ಅಭಿಪ್ರಾಯದಲ್ಲಿ ಮೊದಲ ಸ್ಥಾನ ಸಲ್ಲತಕ್ಕದ್ದು ಸೀಬೆಗೆ. ಸೀಬೆಯ ರೆಂಬೆಯನ್ನು ಬಾಗಿಸಿ ಕಟ್ಟಿ, ಪಕ್ಕದ ಮೊಗ್ಗುಗಳನ್ನು ಎಬ್ಬಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಹೂವು ತರಿಸುವ ಪದ್ಧತಿ ಬಂಗಾಳದ ಬರುಯಿಪುರದ ಕಡೆಯ ತೋಟಗಳಲ್ಲಿ ರೂಢಿಯಲ್ಲಿದೆ. ಅವರು ಬಾಗಿಸಿ ನೆಲದ ಗೂಟಕ್ಕೆ ಕಟ್ಟುತ್ತಾರೆ, ನಾವು ಬಾಗಿಸಿ ತಂತಿಗೆ ಕಟ್ಟಬೇಕು, ವ್ಯತ್ಯಾಸ ಅಷ್ಟೆ.

ಪ್ರಾಸಂಗಿಕವಾಗಿ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ಸೀಬೆಯನ್ನು ‘ಪೇರಲ’ ಎನ್ನುತ್ತಾರೆ, ಕರಾವಳಿಯವರು ‘ಪೇರಳೆ’ ಎನ್ನುತ್ತಾರೆ, ಮರಾಠಿಯಲ್ಲಿ ‘ಪೇರೂ’. ಪೋರ್ತುಗೀಸ್ ಭಾಷೆಯಲ್ಲಿ ಬೇರಿಕಾಯಿಗೆ ‘ಪೇರ’ ಎಂದು ಹೆಸರು. ಈ ಮಾತುಗಳ ಮೂಲ ಅದೇ ಎಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಅಮೆರಿಕದಿಂದ ಹೊಸದಾಗಿ ಬಂದ ಹಣ್ಣಿಗೆ ತಮ್ಮ ಊರಿನ ಹಣ್ಣಿನ ಹೆಸರನ್ನೇ ಆ ನಾವಿಕರು ಅಂಟಿಸಿದರೆಂದು ತೋರುತ್ತದೆ.

ಸೀಬೆಯ ತಡಿಕೆಯನ್ನು ಗೋಡೆಗೆ ತಗುಲಿಸಿ ಕಟ್ಟಕೂಡದು. ಗೋಡೆಯಿಂದ ಒಂದಡಿಯಷ್ಟಾದರೂ ಈಚೆಗೆ ಎರಡು ಗಟ್ಟಿಯಾದ ಕಂಬಗಳನ್ನು ಹನ್ನೆರಡು ಅಡಿಯ ಅಂತರದಲ್ಲಿ ನೆಟ್ಟು, ಒಂದೂವರೆ ಅಡಿಗೊಂದರಂತೆ ನಾಲ್ಕು ಸಾಲು ತಂತಿಯನ್ನು ಬಿಗಿಯಬೇಕು. ಹಿಂಭಾಗದಲ್ಲಿ ಗಾಳಿ ಆಡುವುದರಿಂದ ಗೋಡೆಯ ಕಾವು ಎಲೆಗೆ ತಟ್ಟುವುದಿಲ್ಲ, ಹಿಟ್ಟುತಿಗಣೆಯ ಹಾವಳಿಯನ್ನು ಕಂಡು ತೊಳೆಯುವುದಕ್ಕೂ ಅನುಕೂಲ. ಪೂರ್ವದ ಬಿಸಿಲು ಬೀಳುವ ಜಾಗವು ಉತ್ತಮ. ಮನೆ ಕಟ್ಟಿದ ಸುಣ್ಣ ಸಿಮೆಂಟಿನ ಕಸ ಗೋಡೆಯ ಬುಡದಲ್ಲಿಯೇ ಹೂತಿರುವುದರಿಂದ, ಮೂರಡಿಯ ಗುಣಿ ತೆಗೆದು ಆ ಮಣ್ಣನ್ನು ಹೊರಹಾಕಿ ಕೆಮ್ಮಣ್ಣು ಗೊಬ್ಬರಗಳನ್ನು ತುಂಬುವುದು ಮೇಲು. ಸುಣ್ಣದಂಶ ಹೆಚ್ಚಾದ ನೆಲದಲ್ಲಿ ಕಬ್ಬಿಣದ ಸತ್ತ್ವ ದೊರೆಯದೆ ಎಲೆ ಹಳದಿಯಾಗುತ್ತದೆ. ಅಲಹಾಬಾದ್ ಸಫೇದಾ, ಲಕ್ನೋ 49, ಹೆಸರಘಟ್ಟದ ಅರ್ಕಾ ಮೃದುಲಾ ಇವುಗಳಲ್ಲಿ ಯಾವುದಾದರೂ ಆದೀತು, ಕಸಿಗಿಡವೇ ಆಗಿರಬೇಕು.

ನೆಟ್ಟ ಗಿಡವನ್ನು ಮೊದಲ ತಂತಿಯ ಮಟ್ಟಕ್ಕೆ ಕತ್ತರಿಸಿದರೆ ಮೂರು ನಾಲ್ಕು ಚಿಗುರು ಬರುತ್ತವೆ. ನೆಟ್ಟಗಿನ ಒಂದನ್ನು ಮುಂದಿನ ತಂತಿಗಾಗಿ ಬಿಟ್ಟು, ಎಡಬಲದ ಒಂದೊಂದನ್ನು ಮೊದಲು ಓರೆಯಾಗಿ ಕಟ್ಟಬೇಕು. ಇಲ್ಲಿ ಕಾಲಜ್ಞಾನ ಮುಖ್ಯ. ಸೀಬೆಯ ಎಳೆಯ ಕಾಂಡವು ನಾಲ್ಕು ಮೂಲೆಯುಳ್ಳದ್ದು, ಹಸಿರಾದುದು. ಆ ಸ್ಥಿತಿಯಲ್ಲಿ ಅದು ಹೇಳಿದಂತೆ ಬಾಗುತ್ತದೆ. ಮೂಲೆಗಳು ಅಳಿದು ದುಂಡಗಾಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಬಾಗಿಸಹೊರಟರೆ ಬುಡದಲ್ಲಿ ಸಿಗಿದುಹೋಗುತ್ತದೆ. ಓರೆಯಾಗಿ ಬೆಳೆದು ಬೇಕಾದ ಉದ್ದ ಬಂದ ಅನಂತರ ತಂತಿಯ ಮಟ್ಟಕ್ಕೆ ಇಳಿಸಬೇಕು. ಮೊದಲೇ ಮಟ್ಟಸವಾಗಿ ಕಟ್ಟಿದರೆ ಕೈ ಉದ್ದವಾಗದೆ ನಿಂತುಬಿಡುತ್ತದೆ. ಯೂರೋಪಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ಸಾಲು ಏರುತ್ತದೆ. ಇಲ್ಲಿ ಚಿಗುರು ವರ್ಷಕ್ಕೆ ಹಲವು ಸಲ ಬರುವುದರಿಂದ ಕೆಲಸ ಬೇಗ ಸಾಗುತ್ತದೆ, ಕತ್ತರಿಗೆ ಬಿಡುವೂ ಇರುವುದಿಲ್ಲ. ಕೈಗಳ ಮೇಲೆ ಬರುವ ಪಕ್ಕದ ಚಿಗುರುಗಳಲ್ಲಿ ಹೂವು ಕಾಣುವುದಾದುದರಿಂದ ಅವನ್ನು ಬುಡಮಟ್ಟ ತೆಗೆಯದೆ, ಫಲ ಕೊಯ್ದ ಮೇಲೆ ಎರಡು ಜೋಡಿ ಎಲೆ ಉಳಿಯುವಂತೆ ಮೊಟಕು ಮಾಡಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನೀರನ್ನು ಹಿಡಿದು, ಜೂನ್ ಮಳೆಗೆ ಚಿಗುರಿಸಿದರೆ ಚಳಿಗಾಲದ ಫಲ ದೊರೆಯುತ್ತದೆ. ಮಳೆಗಾಲದ ಹಣ್ಣಿಗೆ ಹಣ್ಣುನೊಣದ ಕಾಟ ಹೆಚ್ಚು, ರುಚಿಯೂ ಸಪ್ಪೆ.

ಇಷ್ಟು ಹೇಳಿದ ಮೇಲೂ ಬೇರಿಕಾಯಿಯೇ ಬೇಕೆನ್ನುವವರು ಇರುತ್ತಾರೆ. ಅವರ ಕುತೂಹಲವನ್ನು ನಾವು ನಿರುತ್ಸಾಹಗೊಳಿಸಲಾರೆವು. ಯೂರೋಪಿನ ತಳಿಗಳನ್ನು ಬಿಟ್ಟು, ತಂಪಿನ ಅವಶ್ಯಕತೆ ಕಡಮೆಯಿರುವ ಫ್ಲೋರ್ಡಾಹೋಮ್, ಹುಡ್ ಮುಂತಾದುವನ್ನು ಆರಿಸಬೇಕು. ಆ ಅವಶ್ಯಕತೆಯೂ ಸೊನ್ನೆಯಲ್ಲವೆಂಬುದನ್ನು ಮರೆಯಬಾರದು. ಬೇರಿಕಾಯಿಯ ಬಹುತೇಕ ತಳಿಗಳು ತಮ್ಮ ಪರಾಗದಿಂದ ತಾವೇ ಫಲ ಕಟ್ಟುವುದಿಲ್ಲ. ಎರಡು ಗಿಡಕ್ಕೆ ಜಾಗವಿಲ್ಲದಲ್ಲಿ ತಡಿಕೆಯ ಒಂದು ಕೈಗೆ ಬೇರೆ ತಳಿಯ ಕಣ್ಣುಕಸಿ ಮಾಡುವುದು ಸೊಗಸಾದ ಉಪಾಯ. ನವೆಂಬರ್ ಮುಗಿದೊಡನೆ ನೀರು ಕಡಮೆ ಮಾಡಿ, ಎಲೆಗಳನ್ನು ಕೈಯಿಂದ ಬಿಡಿಸಿ, ಓರೆಯಾಗಿ ಉಳಿದ ಕೈಗಳನ್ನು ಆಗ ಮಟ್ಟಕ್ಕೆ ಇಳಿಸಿ, ಕೆಲವು ವಾರಗಳ ಅನಂತರ ನೀರು ಕೊಟ್ಟು ನೋಡಬಹುದು. ದ್ರಾಕ್ಷಿಯ ತೋಟಗಳಲ್ಲಿ ಮೊಗ್ಗನ್ನು ಎಬ್ಬಿಸಲು ಹಚ್ಚುವ ಹೈಡ್ರೋಜನ್ ಸಯನಮೈಡ್ ಎಂಬ ದ್ರವವನ್ನು ಮಕ್ಕಳು ಓಡಾಡುವ ಮನೆಯಂಗಳಕ್ಕೆ ತರಕೂಡದು. ಅದು ಕಠಿನವಾದ ವಿಷ. ಹೂವು ಬಂದರೆ ಸಂತೋಷ. ನಾಲ್ಕು ಕಾಯಿ ನಿಂತರೆ ನೆರೆಹೊರೆಯವರನ್ನು ಕರೆದು ತೋರಿಸಬಹುದು. ಬುಟ್ಟಿಯನ್ನು ಸಿದ್ಧಮಾಡಿಕೊಳ್ಳುವ ಅವಸರವಿಲ್ಲ.

ಗಿಡ ನೆಡುವ ಮೊದಲು ಗರಿಷ್ಠ ಕನಿಷ್ಠ ಉಷ್ಣತೆಯನ್ನು ತೋರಿಸುವ ಅಗ್ಗದ ಉಷ್ಣಮಾಪಕವೊಂದನ್ನು ಗೋಡೆಗೂ, ಮತ್ತೊಂದನ್ನು ಗೋಡೆಯಿಂದ ಒಂದಡಿ ಈಚೆಯ ಕಂಬಕ್ಕೂ ತೂಗುಹಾಕಿ, ಏಪ್ರಿಲ್ ತಿಂಗಳ ಒಂದು ವಾರ ರಾತ್ರಿ ಹತ್ತು ಗಂಟೆಗೆ ನೋಡಿ ಬರೆದಿಟ್ಟುಕೊಳ್ಳಲಿ ಎಂದು ನಾವು ಸೂಚಿಸುತ್ತೇವೆ. ಪೂರ್ವ ಪಶ್ಚಿಮ ಗೋಡೆಗಳ ಅಂತರವೂ ಆಗ ಕಣ್ಣಿಗೆ ಕಾಣುತ್ತದೆ. ಕಟ್ಟುವುದಕ್ಕೆ ಪ್ಲಾಸ್ಟಿಕ್ ದಾರವನ್ನಾಗಲಿ ತಂತಿಯನ್ನಾಗಲಿ ಬಳಸಬಾರದು. ಬೆಳೆಯುವ ತೊಗಟೆಯನ್ನು ಅದು ಕೊರೆದು ಕೈಯನ್ನೇ ಕತ್ತರಿಸಿಬಿಡುತ್ತದೆ. ನೆನೆಸಿದ ಬಾಳೆನಾರು ಸಾಕು. ಅದು ಒಂದು ಮಳೆಗಾಲಕ್ಕೆ ಕೊಳೆತು ಉದುರುತ್ತದೆ. ಅಷ್ಟರಲ್ಲಿ ರೆಂಬೆಯು ತನ್ನ ಹೊಸ ನಿಲುವಿನಲ್ಲಿಯೇ ಗಟ್ಟಿಯಾಗಿರುತ್ತದೆ.